ಪಕ್ಕದ ಸೀಟಿನ ಬ್ರೇಕು

ಏಳು ತಿಂಗಳಲ್ಲಿ ಮೂರನೇ ಸಲ ನಮ್ಮ ವ್ಯಾನಿನ ಮುಂದಿನ ಚಕ್ರ ಕಳಚಿ, ಬ್ರೇಕ್ ಪ್ಯಾಡನ್ನು ಹೊರಗೆ ತೆಗೆದು, ಸೈಲೆನ್ಸರ್ ಅದನ್ನು ನನ್ನ ಹೆಂಡತಿಯ ಕಣ್ಣ ಮುಂದೆ ಹಿಡಿದ. ಬೆರಳು ದಪ್ಪ ಇರಬೇಕಾದದ್ದು ಉಗುರಿನಷ್ಟಾಗಿತ್ತು.

"ಅಕ್ಕಾ," ಅಂದ. ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ.

ಸೈಲೆನ್ಸರ್ ಅನ್ನುವುದು ನಮ್ಮ ಮೆಕ್ಯಾನಿಕ್‌ಗೆ ಊರು ಇಟ್ಟ ಅಡ್ಡಹೆಸರು. ಮಾತು ಕಡಿಮೆ. ಅವನ ಗ್ಯಾರೇಜಿಗೆ ಹೋಗುವವರು ಹೌದು, ಇಲ್ಲ ಎಂಬಷ್ಟರಲ್ಲೇ ಉತ್ತರ ಮುಗಿಯುವ ಹಾಗೆ ಪ್ರಶ್ನೆಗಳನ್ನು ಮನೆಯಲ್ಲೇ ಹೊಂದಿಸಿಕೊಂಡು ಹೋಗುತ್ತಾರೆ. ಅಂಥವನು ಅವತ್ತು ಒಂದೇ ಉಸಿರಿಗೆ ಪೂರಾ ಎರಡು ವಾಕ್ಯ ಆಡಿದ.

"ಪ್ಯಾಡು ಹೊಸದು ಹಾಕಿಕೊಡ್ತೀನಿ. ಪತ್ರ ಕೊಡಲ್ಲ."

"ಯಾಕಪ್ಪಾ?" ಅಂದಳು ಹೆಂಡತಿ.

"ಯಾಕೆ ಸವೀತಿದೆ ಅಂತ ಗೊತ್ತಿಲ್ಲ."

ನಾನು ಮಧ್ಯೆ ಬಾಯಿ ಹಾಕಿದೆ. "ಹೊಸ ಪ್ಯಾಡು ಹಾಕಿದ ದಿನ ಬ್ರೇಕು ಸರಿಯಾಗೇ ಇರುತ್ತಲ್ಲ. ಆ ದಿನದ ತಾರೀಖು ಹಾಕಿ ಬರೆದುಕೊಟ್ರೆ ಸುಳ್ಳು ಬರೆದ ಹಾಗೇನೂ ಆಗಲ್ಲ."

ಸೈಲೆನ್ಸರ್ ನನ್ನ ಕಡೆ ತಿರುಗಿದ. "ನಿಮ್ಮ ತಾಯೀನ ಇದರಲ್ಲಿ ಕೂರಿಸಿ ಕಳಿಸ್ತೀರಾ ಸಾರ್?"

"ದಿನಾ ನಮ್ಮ ಅತ್ತೆ ಕೂತು ಹೋಗ್ತಾರೆ."

ಆ ಉತ್ತರ ಅವನಿಗೆ ಸಾಲಲಿಲ್ಲ ಎಂದು ಕಾಣುತ್ತದೆ. ಪ್ಯಾಡನ್ನು ಹಳೆಯ ಡಬ್ಬಿಗೆ ಎಸೆದ. "ಒಂದೋ ಗಾಡಿ ತಪ್ಪು, ಇಲ್ಲಾ ಕಾಲಿನ ತಪ್ಪು," ಎಂದು ಕೈ ಒರೆಸಿಕೊಳ್ಳುತ್ತ ಒಳಗೆ ಹೋದ.

ಕಾಲು ನನ್ನ ಹೆಂಡತಿಯದು.

ಆ ಪತ್ರದ ವಿಷಯ ಇಷ್ಟು. ಹನ್ನೆರಡು ವರ್ಷ ಒಂದು ಅಂಗಡಿಯಲ್ಲಿ ಪರದೆ ಹೊಲಿದವಳು ಅವಳು. ಅಂಗಡಿ ಮುಚ್ಚಿತು. ಜನ ಕಿಟಕಿಗೆ ಪರದೆ ಹಾಕುವುದನ್ನು ಬಿಟ್ಟು ಪ್ಲಾಸ್ಟಿಕ್ ಪಟ್ಟಿ ತೂಗಿಬಿಡತೊಡಗಿದ್ದರು. ಹೊಸ ಕೆಲಸ ಹುಡುಕುವಾಗ, ಮಂಡಿ ಆಪರೇಷನ್ ಆದವರಿಗೆ, ಪಾರ್ಶ್ವವಾಯು ಹೊಡೆದವರಿಗೆ ವ್ಯಾಯಾಮ ಮಾಡಿಸುವ ಒಂದು ಕೇಂದ್ರದಿಂದ ಸುದ್ದಿ ಬಂತು. ರೋಗಿಗಳನ್ನು ಬೆಳಿಗ್ಗೆ ಮನೆಯಿಂದ ಕರೆತಂದು ಸಂಜೆ ಬಿಟ್ಟುಬರಲು ವ್ಯಾನು ಬೇಕು, ಜೊತೆಗೆ ಓಡಿಸುವವರೂ ಬೇಕು. ನಮ್ಮಲ್ಲಿ ಎರಡೂ ಇದ್ದವು. ಕೇಂದ್ರದ ಸಿಸ್ಟರ್ ಫೋನಿನಲ್ಲಿ ಹೇಳಿದ್ದು ಎರಡೇ ಷರತ್ತು: ಬ್ರೇಕು ಸರಿ ಇದೆ ಎಂದು ಗ್ಯಾರೇಜಿನಿಂದ ಪತ್ರ, ಆಮೇಲೆ ತಾವೇ ಕೂತು ನೋಡುವ ಒಂದು ಸುತ್ತು. "ಜೋರಾಗಿ ಬ್ರೇಕ್ ಹಾಕೋರು ನಮಗೆ ಬೇಡಮ್ಮ. ಒಂದು ಸಲ ಜಗ್ಗಿದ್ರೆ ಅವರ ಮೂರು ವಾರದ ವ್ಯಾಯಾಮ ನೀರಲ್ಲಿ ಹೋಮ." ಆ ಸುತ್ತು ಗುರುವಾರ ಎಂದು ಗೊತ್ತಾಗಿತ್ತು. ಕೈಯಲ್ಲಿ ಎರಡು ವಾರ ಇತ್ತು.

ಅವಳು ಸ್ಟಿಯರಿಂಗ್ ಹಿಡಿದು ಹದಿನೆಂಟು ವರ್ಷ. ಒಂದು ಗೀಚು ಬಿದ್ದಿರಲಿಲ್ಲ. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಕೂಡ ಅವಳು ಕುತ್ತಿಗೆ ತಿರುಗಿಸುವ ರೀತಿಯಲ್ಲಿ ಒಂದು ಹಮ್ಮು ಇತ್ತು. ಈಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ರೀ, ನನಗೆ ಗಾಡಿ ಓಡಿಸೋಕೆ ಬರಲ್ವಾ?"

"ಬರುತ್ತೆ," ಅಂದೆ.

"ನೀವು ಹೇಳಿದ್ರೆ ಏನು ಬಂತು. ನಿಮಗೇ ಬರಲ್ಲ."

ಅದು ನಿಜ. ನಾನು ಕಲಿತದ್ದು ಬೇರೆ ಊರಲ್ಲಿ, ಹನ್ನೆರಡು ದಿನದ ಕೋರ್ಸಿನಲ್ಲಿ. ಅದರಲ್ಲಿ ನಾಲ್ಕು ದಿನ ಕಲಿಸುವವನಿಗೆ ಜ್ವರ. ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಉದ್ಯೋಗ. ಅದಕ್ಕೆ ಬಸ್ಸು ಸಾಕು. ಮನೆಯವರು ವ್ಯಾನಿನ ಕೀಲಿಯನ್ನು ನನ್ನ ಕೈಗೆ ಕೊಡುವುದು ತೊಳೆಯುವ ದಿನ ಮಾತ್ರ.

ಮನೆಯಲ್ಲಿ ಗಾಡಿಯ ಬಗ್ಗೆ ಕೊನೆಯ ಮಾತು ಮಾವನದು. ಮಾವ ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು, ಅಂದರೆ ಮೂವತ್ತೊಂದು ವರ್ಷ ಓಡಿಸದೆ ಪಕ್ಕದಲ್ಲಿ ಕೂತವರು. ಊರಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಅವರ ಪಕ್ಕ ಕೂತು ಬೆವರಿದವರೇ. ಹಾಲಿನ ವ್ಯಾನಿನವನು, ಆಂಬುಲೆನ್ಸಿನವನು, ಸೈಲೆನ್ಸರ್, ನನ್ನ ಹೆಂಡತಿ ಎಲ್ಲರೂ ಅವರ ಶಿಷ್ಯರು. ರಸ್ತೆಯಲ್ಲಿ ಕಂಡವರೆಲ್ಲ "ನಮಸ್ಕಾರ ಮೇಷ್ಟ್ರೇ" ಎಂದು ಗಾಡಿ ನಿಧಾನ ಮಾಡುತ್ತಾರೆ. ಅದು ಗೌರವಕ್ಕೋ ಹೆದರಿಕೆಗೋ ಅನ್ನುವುದು ಅವರಿಗೂ ಗೊತ್ತಿಲ್ಲ.

ಎಂಟು ತಿಂಗಳ ಹಿಂದೆ ಮಾವ ನಿವೃತ್ತರಾದಾಗ ಸ್ಕೂಲಿನವರು ಹಳೆಯ ಕಲಿಕೆಯ ಗಾಡಿಗಳಲ್ಲೊಂದನ್ನು ಕಡಿಮೆ ಬೆಲೆಗೆ ಬಿಟ್ಟುಕೊಟ್ಟರು. ಅದೇ ಈ ಏಳು ಸೀಟಿನ ವ್ಯಾನು. ಕಲಿಕೆಯ ಗಾಡಿ ಆದ್ದರಿಂದ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಪೆಡಲ್ ಇತ್ತು. ಮನೆಯ ಗಾಡಿಗೆ ಅದೇಕೆ ಎಂದು ಸೈಲೆನ್ಸರ್ ಮೊದಲ ದಿನವೇ ಅದನ್ನು ಬಿಚ್ಚಿ, ತೂತುಗಳಿಗೆ ರಬ್ಬರ್ ಬಿರಡೆ ಹಾಕಿದ. ಮಾವ ಪಕ್ಕದಲ್ಲಿ ನಿಂತು ನೋಡಿದರು. ಬಿಚ್ಚಿದ ಪೆಡಲನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದು ಬೀರುವಿನಲ್ಲಿಟ್ಟರು. ಯಾಕೆ ಎಂದು ಯಾರೂ ಕೇಳಲಿಲ್ಲ. ಹಲ್ಲಿನ ಸೆಟ್ಟನ್ನು ಎಲ್ಲಿಡುತ್ತೀರಿ ಎಂದು ಕೇಳುವುದುಂಟೇ?

ಅಂದಿನಿಂದ ವ್ಯಾನು ಹೊರಟರೆ ಮಾವ ಹೊರಟ ಹಾಗೆ. ತರಕಾರಿಗೆ ಹೋದರೂ ಮುಂದಿನ ಸೀಟು, ಕಣ್ಣಿನ ಡಾಕ್ಟರಿಗೆ ಹೋದರೂ ಮುಂದಿನ ಸೀಟು. ಮಗಳು ಓಡಿಸುತ್ತಾಳೆ, ಮಾವ ಕನ್ನಡಕ ಏರಿಸಿ ರಸ್ತೆ ನೋಡುತ್ತಾರೆ, ಅತ್ತೆ ಮಧ್ಯದ ಸಾಲಿನಲ್ಲಿ ಕೂತು ಉಲ್ಲನ್ ಹೆಣೆಯುತ್ತಾರೆ. ಮಾವ ಮಾತಾಡುವುದಿಲ್ಲ. ಗಾಡಿಯಲ್ಲಿ ಮಾತಾಡುವ ಮೇಷ್ಟ್ರ ಮೇಲೆ ಅವರಿಗೆ ನಂಬಿಕೆ ಇಲ್ಲ. "ಬಾಯಲ್ಲಿ ಹೇಳಿದ್ದು ಕಿವಿಗೆ ಹೋಗಿ, ಕಿವಿಯಿಂದ ತಲೆಗೆ ಹೋಗಿ, ತಲೆಯಿಂದ ಕಾಲಿಗೆ ಇಳಿಯೋ ಹೊತ್ತಿಗೆ ಎದುರಿಗೆ ಬಂದೋನು ಆಸ್ಪತ್ರೇಲಿ ಇರ್ತಾನೆ," ಅನ್ನುತ್ತಾರೆ.

ಪ್ಯಾಡಿನ ವಿಷಯ ಕೇಳಿ ಮಾವ ಗಂಭೀರರಾದರು. "ಕಾಲಿನ ತಪ್ಪು ಅಂದ್ನಾ? ನನ್ನ ಹತ್ರ ಕಲಿತ ಕಾಲು ಅದು. ನಡೀರಿ, ನಾನೂ ಬರ್ತೀನಿ. ಅವನೇ ಓಡಿಸಿ ನೋಡ್ಲಿ."

ಸೈಲೆನ್ಸರ್ ಓಡಿಸಿದ. ಮಾವ ಪಕ್ಕದಲ್ಲಿ ಕೂತರು. ನಾನು, ಹೆಂಡತಿ ಹಿಂದೆ. ಗ್ಯಾರೇಜಿನಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ಸುತ್ತಿಕೊಂಡು ಬಂದೆವು. ಇಳಿದು ಅವನು ಚಕ್ರದ ಹತ್ತಿರ ಅಂಗೈ ಹಿಡಿದ. ಇಸ್ತ್ರಿ ಪೆಟ್ಟಿಗೆ ಮುಟ್ಟಿದವನ ಹಾಗೆ ಹಿಂದಕ್ಕೆಳೆದುಕೊಂಡ.

"ನಾನು ಓಡಿಸಿದ್ರೂ ಬಿಸಿ," ಅಂದ. ಅವನ ಮುಖದಲ್ಲಿ ಸಣ್ಣ ಸಮಾಧಾನ. "ಅಂದ್ರೆ ಗಾಡಿ ತಪ್ಪು."

"ಹೇಳ್ಲಿಲ್ವಾ ನಾನು," ಅಂದರು ಮಾವ.

ಹೆಂಡತಿ ಅವತ್ತು ರಾತ್ರಿ ಎರಡು ಚಪಾತಿ ಜಾಸ್ತಿ ತಿಂದಳು. ಆದರೆ ಗಾಡಿಯ ತಪ್ಪು ಎಲ್ಲಿದೆ ಎಂದು ಗಾಡಿ ಹೇಳಲಿಲ್ಲ. ಸೈಲೆನ್ಸರ್ ಬ್ರೇಕ್ ಆಯಿಲ್ ಬದಲಿಸಿದ, ಪೈಪ್ ಬದಲಿಸಿದ, ಪ್ಯಾಡನ್ನು ಒತ್ತಿ ಹಿಡಿಯುವ ಭಾಗವನ್ನೇ ಬಿಚ್ಚಿ ತೊಳೆದು ಜೋಡಿಸಿದ. ಪ್ರತಿ ಸಲ ಮಾವನನ್ನು ಕೂರಿಸಿಕೊಂಡು ಟ್ಯಾಂಕಿನವರೆಗೆ ಹೋಗಿ ಬಂದ. ಪ್ರತಿ ಸಲ ಚಕ್ರ ಬಿಸಿ. ಆರನೇ ದಿನ ಅವನು ಮಾತನ್ನು ಪೂರ್ತಿ ನಿಲ್ಲಿಸಿಬಿಟ್ಟ. ಹೌದು, ಇಲ್ಲ ಕೂಡ ಹೋಯಿತು, ತಲೆ ಅಲ್ಲಾಡಿಸುವುದು ಮಾತ್ರ ಉಳಿಯಿತು.

ಎಂಟನೇ ದಿನ ಹೆಂಡತಿಗೆ ಜ್ವರ ಬಂತು. ಮಾವನ ಕಣ್ಣಿನ ಡಾಕ್ಟರ್ ಹತ್ತು ಗಂಟೆಗೆ ಬರಹೇಳಿದ್ದರು. ಮನೆಯಲ್ಲಿ ಒಂದು ಸಣ್ಣ ಸಭೆ ನಡೆದು, ಬೇರೆ ದಾರಿ ಇಲ್ಲದೆ ಕೀಲಿಯನ್ನು ನನಗೆ ಕೊಡಲಾಯಿತು.

"ನಿಧಾನ," ಅಂದಳು ಹೆಂಡತಿ ಕಂಬಳಿಯೊಳಗಿನಿಂದ.

"ಅಳಿಯಂದ್ರೇ, ಕನ್ನಡಿ ಸರಿ ಮಾಡ್ಕೊಳ್ಳಿ," ಅಂದರು ಮಾವ. ಅಷ್ಟೇ ಅವರು ಬಾಯಲ್ಲಿ ಹೇಳಿದ್ದು.

ಮುಖ್ಯರಸ್ತೆಗೆ ಬರುವ ಮೊದಲೇ ನನಗೆ ಒಂದು ಸದ್ದು ಕೇಳಿಸಿತು. ಸರ್ರ್. ಕೆಳಗಿನಿಂದ, ಪಕ್ಕದಿಂದ. ಶೂವಿನ ಅಟ್ಟೆ ರಬ್ಬರ್ ಮ್ಯಾಟಿನ ಮೇಲೆ ಉಜ್ಜಿದ ಸದ್ದು. ಮುಂದೆ ಐವತ್ತು ಹೆಜ್ಜೆ ದೂರದಲ್ಲಿ ಒಬ್ಬಾತ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ನಾನು ಹಾಗೇ ಹೋದೆ. ಹಂಪು ಕಂಡಿತು, ಸರ್ರ್. ಹಸಿರು ಸಿಗ್ನಲ್, ಸರ್ರ್. ಒಂದು ನಾಯಿ ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುತ್ತ ನಿಂತಿತ್ತು, ಸರ್ರ್, ಸರ್ರ್. ನಾಯಿ ಬೇಡ ಎಂದು ತೀರ್ಮಾನಿಸಿತು. ಒಂದೇ ತಪ್ಪು ಪುಟ ಪುಟದಲ್ಲೂ ಬಂದರೆ ಗುರುತಿಸುವುದು ನನ್ನ ಹೊಟ್ಟೆಪಾಡು. ಡಾಕ್ಟರ ಬಾಗಿಲಿಗೆ ಹೋಗುವಷ್ಟರಲ್ಲಿ ಮೂವತ್ನಾಲ್ಕು ಎಣಿಸಿದೆ. ಮಾವನ ಹಣೆ ಬೆವತಿತ್ತು.

"ಮಾವ, ಆರಾಮಿದೀರಾ?"

"ನೀವು ಯಾವ ಸ್ಕೂಲಲ್ಲಿ ಕಲಿತದ್ದು?" ಅಂದರು ಮಾವ. ಉತ್ತರಕ್ಕೆ ಕಾಯದೆ ಇಳಿದು ಒಳಗೆ ಹೋದರು.

ಮಧ್ಯದ ಸಾಲಿನಲ್ಲಿದ್ದ ಅತ್ತೆ ಹೆಣಿಗೆಯಿಂದ ತಲೆ ಎತ್ತಿದರು. "ನಿಮ್ಮ ಜೊತೆ ಬಂದ್ರೆ ಗಾಡಿ ಉಯ್ಯಾಲೆ ಥರ ಆಡಲ್ಲ ಕಣ್ರೀ. ಇವತ್ತು ಒಂದು ಕೊಂಡಿಯೂ ತಪ್ಪಲಿಲ್ಲ ನನಗೆ."

ನನ್ನ ಡ್ರೈವಿಂಗನ್ನು ಒಬ್ಬರು ಹೊಗಳಿದ್ದು ಅದೇ ಮೊದಲು. ಅದಕ್ಕೇ ಅನುಮಾನ ಬಂತು. ಇಳಿದು ಚಕ್ರದ ಹತ್ತಿರ ಕೈ ಹಿಡಿದೆ. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿ ಇಲ್ಲ. ಬೆಚ್ಚಗೆ, ಸಾಕಿದ ಪ್ರಾಣಿಯ ಹೊಟ್ಟೆಯ ಹಾಗೆ.

ಅವರಿಬ್ಬರನ್ನೂ ಮನೆಗೆ ಬಿಟ್ಟು ನೇರ ಗ್ಯಾರೇಜಿಗೆ ಹೋದೆ. ಸೈಲೆನ್ಸರ್ ಚಕ್ರ ಮುಟ್ಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ಚಕ್ರ ಮುಟ್ಟಿದ. ನಾನು ಪಕ್ಕದ ಸೀಟಿನ ಬಾಗಿಲು ತೆಗೆದು ಮ್ಯಾಟ್ ಎತ್ತಿ ತೋರಿಸಿದೆ. ಓಡಿಸುವವರ ಕಡೆಯ ಮ್ಯಾಟ್ ಹೊಸದರ ಹಾಗಿತ್ತು. ಪಕ್ಕದ ಮ್ಯಾಟಿನಲ್ಲಿ, ಬಲಗಾಲು ಇಡುವ ಜಾಗದಲ್ಲಿ, ಅಂಗೈಯಗಲ ಸವೆದು ಕೆಳಗಿನ ತಗಡು ಕಾಣುತ್ತಿತ್ತು.

"ಪೆಡಲ್ ತೆಗೆದಿದ್ದೀಯಲ್ಲ?"

ತಲೆ ಅಲ್ಲಾಡಿಸಿದ. ತೆಗೆದಿದ್ದೀನಿ.

"ಹಾಗಾದ್ರೆ ಮಾವ ಏನನ್ನ ಒತ್ತುತ್ತಾರೆ?"

ಅವನು ಸ್ಟೂಲಿನ ಮೇಲೆ ಕೂತು ಟೀ ಲೋಟ ಎತ್ತಿಕೊಂಡ. ನಾನು ನೋಡೋಣ ಎಂದು ಸಿಮೆಂಟ್ ನೆಲದ ಮೇಲೆ ಚಪ್ಪಲಿ ಉಜ್ಜಿದೆ. ಸರ್ರ್. ಸೈಲೆನ್ಸರ್‌ನ ಬಲಗಾಲು ನೆಲ ಒತ್ತಿತು. ಟೀ ತುಳುಕಿತು.

ಇಬ್ಬರೂ ಆ ಕಾಲನ್ನು ನೋಡಿದೆವು.

"ಇನ್ನೊಂದು ಸಲ ಮಾಡಿ ಸಾರ್," ಅಂದ.

ಮಾಡಿದೆ. ಈ ಸಲ ಅವನು ತಡೆದುಕೊಂಡ. ಆದರೆ ಮಂಡಿ ನಡುಗಿತು.

ಆಮೇಲೆ ಸೈಲೆನ್ಸರ್ ಮಾತಾಡಿದ. ನನ್ನ ಪರಿಚಯದ ಒಂಬತ್ತು ವರ್ಷದಲ್ಲಿ ಅಷ್ಟು ಮಾತಾಡಿದ್ದು ನಾನು ಕೇಳಿಲ್ಲ. "ಮೇಷ್ಟ್ರು ಬಾಯಿ ಬಿಡ್ತಿರಲಿಲ್ಲ ಸಾರ್. ಮೊದಲು ಶೂ ಉಜ್ಜೋರು. ಅದು ಎಚ್ಚರಿಕೆ. ಅಷ್ಟಕ್ಕೇ ನಾವು ಬ್ರೇಕ್ ಒತ್ತಿದ್ರೆ ಸರಿ. ಒತ್ತದಿದ್ರೆ ಅವರ ಪೆಡಲ್ ಅವರೇ ಒತ್ತೋರು. ಅವರು ಒತ್ತಿದ್ರೆ ಅವತ್ತಿನ ಪಾಠ ಮುಗೀತು, ಅಲ್ಲೇ ಇಳಿದು ನಡ್ಕೊಂಡು ಮನೆಗೆ. ನಾನು ಒಂದು ಸಲ ರೈಲ್ವೆ ಗೇಟಿಂದ ನಡೆದಿದೀನಿ. ಅದಾದ ಮೇಲೆ ಕಾಲು ತಾನೇ ಕಲಿತುಬಿಡ್ತು."

"ನನ್ನ ಹೆಂಡತಿ?"

"ಅಕ್ಕ ಸ್ವಂತ ಮಗಳು. ಹನ್ನೊಂದು ಸಲ ನಡೆದಿದಾರಂತೆ."

ಹೀಗೆ ಗೊತ್ತಾಯಿತು. ಮಾವ ಸ್ಕೂಲಿನಲ್ಲಿದ್ದಷ್ಟು ವರ್ಷ ನನ್ನ ಹೆಂಡತಿ ನಮ್ಮ ಹಳೆಯ ಕಾರನ್ನು ಒಬ್ಬಳೇ ಓಡಿಸುತ್ತಿದ್ದಳು, ಅದರ ಬ್ರೇಕು ತನ್ನ ಪಾಡಿಗೆ ತಾನಿತ್ತು. ಮಾವ ನಿವೃತ್ತರಾಗಿ ಪಕ್ಕದಲ್ಲಿ ಬಂದು ಕೂತರು. ಪೆಡಲ್ ಬೀರುವಿಗೆ ಹೋಯಿತು, ಕಾಲು ಗಾಡಿಯಲ್ಲೇ ಉಳಿಯಿತು. ಅವರ ಕಾಲು ಉಜ್ಜಿದಾಗಲೆಲ್ಲ ಅವಳ ಕಾಲು ಒತ್ತುತ್ತಿತ್ತು. ಇಬ್ಬರಿಗೂ ಗೊತ್ತಿಲ್ಲ. ಮೆಕ್ಯಾನಿಕ್ ಪರೀಕ್ಷೆ ಮಾಡಿದರೆ ಅವನದೂ ಅದೇ ಕಾಲು. ತಪ್ಪು ಹಿಡಿಯಬೇಕಾದರೆ ಸರಿಯಾಗಿ ಕಲಿಯದವನೊಬ್ಬ ಬೇಕಾಗಿದ್ದ. ಆ ಮಟ್ಟಿಗೆ ನನ್ನ ಹನ್ನೆರಡು ದಿನದ ಕೋರ್ಸು ದಂಡವಾಗಲಿಲ್ಲ.

"ಮೇಷ್ಟ್ರಿಗೆ ನೀನೇ ಹೇಳು," ಅಂದೆ.

"ನೀವು ಅಳಿಯಂದ್ರು."

"ನೀನು ಮೆಕ್ಯಾನಿಕ್."

"ಶಿಷ್ಯ ಸಾರ್," ಅಂದ. ಮತ್ತೆ ತನ್ನ ಮೌನಕ್ಕೆ ವಾಪಸಾದ. ಮಾತಿನ ಕೋಟಾ ಮುಗಿದಿತ್ತು.

ಪತ್ರ ಮಾತ್ರ ಬರೆದುಕೊಟ್ಟ. ವಾಹನದಲ್ಲಿ ದೋಷ ಇಲ್ಲ, ಪರೀಕ್ಷಿಸಿದ್ದೇನೆ, ಸಹಿ. ಕೈಗೆ ಕೊಡುವಾಗ ಹೇಳಿದ: "ಮೇಷ್ಟ್ರು ಮುಂದೆ ಕೂತ್ರೆ ಇದು ನಡೆಯಲ್ಲ. ಹಾಗಂತ ಬರೆದಿಲ್ಲ. ಬರೆದ ಹಾಗೆ ತಿಳ್ಕೊಳ್ಳಿ."

ಮುಂದಿನ ನಾಲ್ಕು ದಿನ ನಾನು ಹೇಡಿಗಳು ಮಾಡುವುದನ್ನೆಲ್ಲ ಮಾಡಿದೆ. ಪಕ್ಕದ ಸೀಟಿನ ಕೆಳಗೆ ದಪ್ಪನೆಯ ಕಂಬಳಿ ಹಾಸಿದೆ, ಸದ್ದು ಕೇಳದಿರಲಿ ಎಂದು. ಮಾವ "ಇದೇನು, ಆಸ್ಪತ್ರೆ ಮಂಚವಾ?" ಎಂದು ಮಡಚಿ ಹಿಂದಕ್ಕೆ ಹಾಕಿದರು. ಕಾಲಿಡುವ ಜಾಗದಲ್ಲಿ ನೀರಿನ ಕ್ಯಾನ್ ಇಟ್ಟೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅತ್ತೆಗೆ ವಿಷಯ ತಿಳಿಸಿ, ತಲೆ ಸುತ್ತುತ್ತದೆ ಎಂದು ಮುಂದಿನ ಸೀಟು ಕೇಳಿ ಎಂದು ಬೇಡಿಕೊಂಡೆ.

ಅತ್ತೆ ಸೂಜಿ ಕೆಳಗಿಡಲಿಲ್ಲ. "ಆ ಕಾಲಿನ ಜೊತೆ ಮೂವತ್ತೊಂದು ವರ್ಷ ಮಲಗಿದೀನಿ ನಾನು. ನಿದ್ದೆಯಲ್ಲಿ ಬ್ರೇಕ್ ಒತ್ತುತ್ತಾರೆ. ಹೊದಿಕೆ ಒಂದು ದಿನವೂ ನನ್ನ ಮೇಲೆ ಉಳಿದಿಲ್ಲ. ನನಗೆ ತಲೆ ಸುತ್ತು ಬಂದ್ರೆ ಅದು ನಿಲ್ಲುತ್ತಾ?"

"ಮತ್ತೆ ಯಾವತ್ತೂ ಹೇಳ್ಲಿಲ್ವಾ ಅವರಿಗೆ?"

"ಅವರು ಕೇಳ್ಲಿಲ್ಲ."

ಬುಧವಾರ ಮಧ್ಯಾಹ್ನ ವಿಧಿಯಿಲ್ಲದೆ ಹೆಂಡತಿಗೆ ಹೇಳಿದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಪೂರ್ತಿ ಕೇಳಿದಳು. ನಾನು ಪುರಾವೆಗೆಂದು ಕಲ್ಲಿನ ಮೇಲೆ ಚಪ್ಪಲಿ ಉಜ್ಜಿದೆ. ಅವಳ ಪಾದ ಮಣ್ಣನ್ನು ಒತ್ತಿತು. ಅವಳು ಅದನ್ನು ನೋಡಿಕೊಂಡು ನಿಂತಳು, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ.

"ಅಂದ್ರೆ ನನಗೆ ಓಡಿಸೋಕೆ ಬರುತ್ತೆ," ಅಂದಳು.

"ಬರುತ್ತೆ."

"ಅಥವಾ ಅಪ್ಪ ಓಡಿಸ್ತಿದಾರೆ, ನಾನು ಸ್ಟಿಯರಿಂಗ್ ಹಿಡ್ಕೊಂಡಿದೀನಿ ಅಷ್ಟೇ."

ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಮತ್ತೊಮ್ಮೆ ಹಿಂಡಿದಳು. ಒಂದು ಹನಿ ನೀರೂ ಬರಲಿಲ್ಲ. ಒಳಗೆ ಹೋದಳು. ನಾನು ಕ್ಲಿಪ್ಪಿನ ಬುಟ್ಟಿ ಹಿಡಿದುಕೊಂಡು ಹಿಂದೆ ಹೋದೆ. ಇಂಥ ಸಮಯದಲ್ಲಿ ಕೈಯಲ್ಲಿ ಏನಾದರೂ ಇದ್ದರೆ ಒಳ್ಳೆಯದು.

ಮಾವ ಊಟದ ಮೇಜಿನ ಹತ್ತಿರ ಪೇಪರ್ ಓದುತ್ತಿದ್ದರು. ಅತ್ತೆ ಹೆಣೆಯುತ್ತಿದ್ದರು.

"ಅಪ್ಪಾ, ನಾಳೆ ನೀನು ಹಿಂದೆ ಕೂತ್ಕೋಬೇಕು."

"ಸಿಸ್ಟರ್ ಬರ್ತಾರೆ ಅಂತಾನಾ? ಅವರಿಗೆ ಮಧ್ಯದ ಸಾಲಲ್ಲಿ ಜಾಗ ಇದೆ."

"ಸಿಸ್ಟರ್‌ಗೋಸ್ಕರ ಅಲ್ಲ. ನನಗೋಸ್ಕರ."

ಮಾವ ಪೇಪರ್ ಇಳಿಸಿದರು. ಅವಳು ನಿಂತುಕೊಂಡೇ ಹೇಳಿದಳು. ಶೂ, ಮ್ಯಾಟು, ಪ್ಯಾಡು, ಮೂರು ಸಲ. ಸಣ್ಣ ದನಿಯಲ್ಲಿ, ತಪ್ಪು ಒಪ್ಪಿಸುವ ಮಗುವಿನ ಹಾಗೆ. ತಪ್ಪು ಅವಳದಾಗಿರಲಿಲ್ಲ ಅಷ್ಟೇ.

"ನಾನು ಕಾಲಾಡಿಸ್ತೀನಾ?" ಮಾವ ಅತ್ತೆಯನ್ನು ಕೇಳಿದರು.

"ಹೂಂ."

"ಯಾವಾಗಿಂದ?"

"ಸ್ಕೂಲಿಗೆ ಸೇರಿದ ದಿನ ರಾತ್ರಿಯಿಂದ."

ಮಾವ ಮೇಜಿನ ಕೆಳಗೆ ಬಗ್ಗಿ ತಮ್ಮ ಕಾಲನ್ನು ನೋಡಿದರು. ಅದು ಆಗ ಸುಮ್ಮನಿತ್ತು. ಎದ್ದು ಕೂತಾಗ ಅವರ ಮುಖದಲ್ಲಿ ನಾವು ಯಾರೂ ನಿರೀಕ್ಷಿಸದ ಒಂದು ಭಾವ ಇತ್ತು. ಸ್ಪಷ್ಟವಾಗಿ ಹೇಳಬೇಕೆಂದರೆ, ಹೆಮ್ಮೆ.

"ಹದಿನೆಂಟು ವರ್ಷದ ಹಿಂದೆ ಕಲಿಸಿದ್ದು. ಇನ್ನೂ ಕಾಲು ಮರೆತಿಲ್ಲ ಅಂದ್ರೆ ಸರಿಯಾಗೇ ಕಲಿಸಿದೀನಿ."

"ಸರಿಯಾಗೇ ಕಲಿಸಿದೀಯ ಅಪ್ಪಾ. ಅದನ್ನ ಈಗ ಮರೀಬೇಕು. ಮರೀದಿದ್ರೆ ನನಗೆ ಕೆಲಸ ಸಿಗಲ್ಲ."

ಮಾವ ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಐದನೆಯದಕ್ಕೆ ಅದು ಒಪ್ಪಲಿಲ್ಲ. "ನಾನು ಉಜ್ಜದೇ ಇದ್ರೆ, ನಿನಗೆ ಎಲ್ಲಿ ಒತ್ತಬೇಕು ಅಂತ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಅಂದ್ಕೊಂಡಿದೀನಿ."

"ಅಂದ್ಕೊಂಡಿದೀಯ."

"ಒಬ್ಬಳೇ ಓಡಿಸ್ದಾಗ ಗೊತ್ತಾಗ್ತಿತ್ತು. ನೀನು ಇರುವಾಗ ಯಾವತ್ತೂ ನೋಡಿಲ್ಲ."

ಮಾವ ಎದ್ದು ಹೊರಗೆ ಹೋದರು. ಕಿಟಕಿಯಿಂದ ಕಂಡಿತು: ವ್ಯಾನಿನ ಬಾಗಿಲು ತೆಗೆದು, ಬಗ್ಗಿ, ಮ್ಯಾಟಿನ ತೂತಿನಲ್ಲಿ ಕೈಬೆರಳು ಇಟ್ಟು ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಒಳಗೆ ಬಂದು "ಹಿಂದೆ ಅಂದ್ರೆ ಮಧ್ಯದ ಸಾಲಾ, ಕೊನೆ ಸಾಲಾ?" ಎಂದು ಕೇಳಿದರು.

"ಕೊನೆ," ಅಂದಳು ಹೆಂಡತಿ.

ಗುರುವಾರ ಸಿಸ್ಟರ್ ಸರಿಯಾಗಿ ಹತ್ತಕ್ಕೆ ಕೇಂದ್ರದ ಗೇಟಿನಲ್ಲಿ ನಿಂತಿದ್ದರು. ಸಣಕಲು ದೇಹ, ಕಂಕುಳಲ್ಲಿ ಫೈಲು, ಕೈಯಲ್ಲಿ ಮುಕ್ಕಾಲು ನೀರು ತುಂಬಿದ ಪೇಪರ್ ಲೋಟ. ಕುಡಿಯಲಿಕ್ಕೆ ಇರಬೇಕು ಅಂದುಕೊಂಡೆ. ಮುಂದಿನ ಸೀಟಿನಲ್ಲಿ ಕೂತು ಅದನ್ನು ಎರಡು ಬೆರಳಲ್ಲಿ ಎದೆಯ ಮಟ್ಟಕ್ಕೆ ಹಿಡಿದುಕೊಂಡಾಗ ಪರೀಕ್ಷೆ ಅದೇ ಎಂದು ಗೊತ್ತಾಯಿತು.

"ಇವರೆಲ್ಲ ಯಾರು?" ಎಂದು ಹಿಂದೆ ತಿರುಗಿದರು.

"ಮನೆಯವರು. ಸುಮ್ನೆ, ತೂಕಕ್ಕೆ," ಅಂದಳು ಹೆಂಡತಿ.

ಮಾವ ಕೊನೆಯ ಸಾಲಿನಲ್ಲಿದ್ದರು. ಅದು ಮಕ್ಕಳಿಗೆ ಮಾಡಿದ ಸೀಟು, ಮಂಡಿ ಗದ್ದಕ್ಕೆ ಬರುತ್ತದೆ. ಕಿಟಕಿ ಒಂದು ಪುಸ್ತಕದಷ್ಟು. ಮೂವತ್ತೊಂದು ವರ್ಷ ಮುಂದಿನ ಗಾಜಿನ ಹಿಂದೆ ಕೂತವರಿಗೆ ಎದುರಿಗಿದ್ದದ್ದು ಅತ್ತೆಯ ಜಡೆ ಮತ್ತು ನನ್ನ ಕುತ್ತಿಗೆ.

ಗಾಡಿ ಹೊರಟಿತು. ಮೊದಲ ಹಂಪು ಬಂದಾಗ ನಾನು ಕಿವಿ ನಿಮಿರಿಸಿಕೊಂಡು ಕೂತಿದ್ದೆ. ಹಿಂದಿನಿಂದ ಸರ್ರ್ ಬಂತು. ಆದರೆ ಅದು ಹಿಂದಿನ ಚಕ್ರದ ಸದ್ದಿನಲ್ಲಿ ಕಲಸಿಹೋಗಿ ನನಗೇ ಸರಿಯಾಗಿ ಕೇಳಲಿಲ್ಲ. ಮುಂದೆ ಅವಳಿಗೆ ಕೇಳಿದ್ದರೆ ಪವಾಡ. ಅವಳು ಕಾಯುತ್ತಿದ್ದಳು. ಅವಳಿಗೆ ಗೊತ್ತಿಲ್ಲದೆಯೇ ಕಾಯುತ್ತಿದ್ದಳು. ಹಂಪು ತೀರ ಹತ್ತಿರ ಬಂದಾಗ ಒತ್ತಿದಳು. ಲೋಟದ ನೀರು ಸಿಸ್ಟರ್ ತೋಳಿನ ಮೇಲೆ ಬಿತ್ತು. ಸಿಸ್ಟರ್ ಫೈಲಿನಲ್ಲಿ ಒಂದು ಗೀಟು ಎಳೆದರು.

ಸ್ವಲ್ಪ ಮುಂದೆ ಸರ್ಕಲ್. ಅಲ್ಲೂ ಒಂದು ಉಸಿರಿನಷ್ಟು ತಡ. ನೀರು ಅಂಚಿನವರೆಗೆ ಬಂದು ವಾಪಸು ಹೋಯಿತು. ಕನ್ನಡಿಯಲ್ಲಿ ಹೆಂಡತಿಯ ಮುಖ ಕಂಡಿತು. ತುಟಿಯನ್ನು ಒಳಕ್ಕೆ ಎಳೆದುಕೊಂಡಿದ್ದಳು. ಅತ್ತೆ ಒಂದೇ ಕೊಂಡಿಯನ್ನು ಹಾಕುವುದು ಬಿಚ್ಚುವುದು ಮಾಡುತ್ತಿದ್ದರು.

ಆಮೇಲೆ ಹಿಂದಿನಿಂದ ಬೇರೆ ಥರದ ಸದ್ದು ಬಂತು. ತಿರುಗಿ ನೋಡಿದೆ. ಮಾವ ಬಹಳ ಕಷ್ಟಪಟ್ಟು ಬಗ್ಗಿ ಶೂಗಳ ಲಾಡಿ ಬಿಚ್ಚುತ್ತಿದ್ದರು. ಎರಡನ್ನೂ ತೆಗೆದು ಪಕ್ಕದ ಖಾಲಿ ಸೀಟಿನ ಮೇಲೆ, ಇಬ್ಬರು ಪ್ರಯಾಣಿಕರ ಹಾಗೆ, ಜೊತೆಯಾಗಿ ಇಟ್ಟರು. ಕಾಲುಚೀಲದ ಪಾದಗಳನ್ನು ಒಂದರ ಮೇಲೊಂದು ಹಾಕಿಕೊಂಡರು. ನನ್ನನ್ನು ನೋಡಿ "ಮುಂದೆ ನೋಡಿ ಅಳಿಯಂದ್ರೇ" ಅಂದರು.

ಮಾರುಕಟ್ಟೆಯ ಹತ್ತಿರ ಹಾಸಿಗೆ ಅಂಗಡಿಯೊಂದರ ಮುಂದಿನಿಂದ ಲಗ್ಗೇಜ್ ಗಾಡಿಯೊಂದು ಹಿಂದೆ ಮುಂದೆ ನೋಡದೆ ರಸ್ತೆಗೆ ಹಿಮ್ಮುಖವಾಗಿ ಬಂತು. ಅದರ ಮೇಲೆ ಆರು ಹಾಸಿಗೆ, ಹಾಸಿಗೆಗಳ ಮೇಲೆ ಒಬ್ಬ ಆರಾಮಾಗಿ ಮಲಗಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ನನ್ನ ಬಲಗಾಲು ನೆಲ ಒತ್ತಿತು. ಎಂಟು ತಿಂಗಳು ಅದೇ ಮನೆಯ ಗಾಡಿಯಲ್ಲಿ ಕೂತಿದ್ದರ ಫಲ ಇರಬೇಕು. ಸರ್ರ್ ಬರಲಿಲ್ಲ. ಹೆಂಡತಿ ಆ ಗಾಡಿಯ ಹಿಂದಿನ ದೀಪ ಹತ್ತುವ ಮೊದಲೇ ಅದನ್ನು ಕಂಡಿದ್ದಳು. ನಮ್ಮ ವ್ಯಾನು ಜೋಲಿ ಹೊಡೆಯದೆ, ಕೂತವರು ಮುಂದಕ್ಕೆ ಬಾಗದೆ, ಕುರ್ಚಿಯಲ್ಲಿ ಕೂರುವ ಮನುಷ್ಯನ ಹಾಗೆ ಮೆಲ್ಲಗೆ ನಿಂತಿತು. ಹಾಸಿಗೆಯ ಮೇಲಿದ್ದವನು ನಮ್ಮನ್ನು ದಾಟಿಕೊಂಡು ಹೋದ, ಮಾತು ನಿಲ್ಲಿಸಲಿಲ್ಲ. ಸಿಸ್ಟರ್ ಲೋಟ ನೋಡಿಕೊಂಡರು. ನೀರು ಅಲ್ಲಾಡಿತ್ತು, ಚೆಲ್ಲಿರಲಿಲ್ಲ.

ಅಲ್ಲಿಂದಾಚೆ ನಾನು ಲೋಟ ನೋಡುವುದನ್ನು ಬಿಟ್ಟೆ. ಅವಳ ಕುತ್ತಿಗೆಯಲ್ಲಿ ಆ ಹಳೆಯ ಹಮ್ಮು ವಾಪಸು ಬಂದಿತ್ತು.

ಕೇಂದ್ರದ ಗೇಟಿಗೆ ಬಂದು ನಿಂತೆವು. ಸಿಸ್ಟರ್ ಫೈಲು ತೆರೆದು, ಎಲ್ಲರನ್ನೂ ಬಿಟ್ಟು ಕೊನೆಯ ಸಾಲಿನ ಕಡೆ ತಿರುಗಿದರು. "ಯಜಮಾನ್ರೇ, ನಮ್ಮ ಪೇಶಂಟ್‌ಗಳು ಹೆಚ್ಚುಕಡಿಮೆ ನಿಮ್ಮ ವಯಸ್ಸಿನೋರು. ಕೂತೋರನ್ನ ಕೇಳಿ ಬರ್ಕೊಳ್ಳೋ ಒಂದು ಕಾಲಮ್ ಇದೆ. ಹೇಳಿ, ಹೇಗಿತ್ತು?"

ಅವರು ಯಾರನ್ನು ಕೇಳುತ್ತಿದ್ದಾರೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಮಾವ ಇಲ್ಲಿಯವರೆಗೆ ಯಾರನ್ನೂ ಮೊದಲ ಸುತ್ತಿನಲ್ಲಿ ಪಾಸು ಮಾಡಿದ ದಾಖಲೆ ಇಲ್ಲ. ಹೆಂಡತಿ ತಿರುಗಲಿಲ್ಲ, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿಗೆ ನೋಡುತ್ತಿದ್ದಳು.

"ಎರಡು ಕಡೆ ತಡವಾಗಿ ಹಿಡಿದಳು," ಅಂದರು ಮಾವ. "ಮೊದಲನೇ ಹಂಪು, ಆಮೇಲೆ ಸರ್ಕಲ್."

ಸಿಸ್ಟರ್ ಬರೆದುಕೊಂಡರು. "ಆಮೇಲೆ? ಮಾರ್ಕೆಟ್ ಹತ್ರ?"

"ಮಾರ್ಕೆಟ್ ಹತ್ರ ಏನಾಯ್ತು?"

"ಗಾಡಿ ಅಡ್ಡ ಬಂತಲ್ಲ."

ಮಾವ ಪಕ್ಕದ ಸೀಟಿನ ಮೇಲಿದ್ದ ಶೂಗಳ ಕಡೆ ನೋಡಿದರು. "ಗೊತ್ತಾಗಲಿಲ್ಲ," ಅಂದರು. "ಇಲ್ಲಿ ಕೂತ್ರೆ ರಸ್ತೆ ಕಾಣಲ್ಲ ಸಿಸ್ಟರ್. ಸರ್ಕಲ್ ಆದ ಮೇಲೆ, ಕಾಣಬೇಕು ಅಂತಲೂ ಅನ್ನಿಸಲಿಲ್ಲ."

"ಇದನ್ನ ಏನಂತ ಬರ್ಕೊಳ್ಳಲಿ?" ಸಿಸ್ಟರ್ ನನ್ನನ್ನು ಕೇಳಿದರು.

"ಹಾಗೇ ಬರ್ಕೊಳ್ಳಿ," ಅಂದೆ.

ಅವರು ಹಾಗೇ ಬರೆದುಕೊಂಡರು. ಲೋಟದಲ್ಲಿ ಉಳಿದಿದ್ದ ನೀರು ಕುಡಿದು, ಸೋಮವಾರ ಎಂಟಕ್ಕೆ ಮೊದಲ ಪೇಶಂಟ್ ಎಂದು ವಿಳಾಸ ಕೊಟ್ಟರು. ನನ್ನ ಹೆಂಡತಿ ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದಳು. ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ.